ಮೆತ್ತನೆಯ ದಕಾರ

ನನಗೆ ಡ್ಯಾನಿಷ್ ಬರುತ್ತದೆ ಎಂದರೆ ಯಾರೂ ನಂಬುವುದಿಲ್ಲ. ಡೆನ್ಮಾರ್ಕಿನವರಂತೂ ನಾನು ಮಾತಾಡಿ ತೋರಿಸಿದ ಮೇಲೂ ನಂಬುವುದಿಲ್ಲ. ಅವರ ಭಾಷೆಯಲ್ಲೇ ಏನಾದರೂ ಕೇಳಿದರೆ, "ದಯವಿಟ್ಟು ಇಂಗ್ಲಿಷಿನಲ್ಲಿ ಹೇಳಿ" ಎಂದು ಇಂಗ್ಲಿಷಿನಲ್ಲಿ ಬಹಳ ವಿನಯದಿಂದ ಕೇಳಿಕೊಳ್ಳುತ್ತಾರೆ.

ಈ ವಿದ್ಯೆಗೆ ನಾನು ಕೈಹಾಕಿದ್ದು ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ. ಹ್ಯೂಸ್ಟನ್ನಿನ ಉತ್ತರಕ್ಕಿರುವ ದ ವುಡ್‌ಲ್ಯಾಂಡ್ಸ್‌ನಲ್ಲಿ, ಗಾಳಿಯಿಂದ ವಿದ್ಯುತ್ ತೆಗೆಯುವ ಯಂತ್ರಗಳನ್ನು ಸ್ಥಾಪಿಸುವ ಒಂದು ಕಂಪನಿಯಲ್ಲಿ ನಾನು ಎಂಜಿನಿಯರ್. ಯಂತ್ರಗಳು ಡೆನ್ಮಾರ್ಕಿನಿಂದ ಬರುತ್ತಿದ್ದವು. ನಮ್ಮ ಮ್ಯಾನೇಜರ್ ಒಂದು ದಿನ, "ನೀನು ಒಂದೆರಡು ವರ್ಷ ಅಲ್ಲಿಗೆ ಹೋಗಬೇಕಾಗಬಹುದು, ಭಾಷೆ ಸ್ವಲ್ಪ ಕಲಿತಿರು" ಎಂದ. ಮನೆಗೆ ಬಂದು ಹೇಳಿದೆ. ನನ್ನ ಹೆಂಡತಿ ವಿದ್ಯಾ ಧಾರವಾಡದವಳು. "ಇಂಗ್ಲಿಷ್ ಕಲತು ಇಲ್ಲೀತನಕಾ ಬಂದ್ರಿ. ಇನ್ನೊಂದು ಕಲತು ಇನ್ನೆಲ್ಲಿಗೆ ಹೊಂಟ್ರಿ?" ಎಂದಳು. ಹನ್ನೊಂದು ವರ್ಷದ ಮಗಳು ಮೇಘನಾ "ನೋ ವೇ, ಅಪ್ಪಾ" ಎಂದು ಹೇಳಿ ಟೀವಿಯ ಕಡೆ ತಿರುಗಿದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು. ಉತ್ತರ ಮಾತ್ರ ಯಾವತ್ತೂ ಇಂಗ್ಲಿಷಿನಲ್ಲಿ.

ನಮ್ಮ ಪೇಟೆಯ ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಶನಿವಾರ ಬೆಳಿಗ್ಗೆ ಡ್ಯಾನಿಷ್ ಕ್ಲಾಸು. ಪಾಠ ಹೇಳುತ್ತಿದ್ದವರು ಇಂಗರ್ ಎಂಬ ಎಪ್ಪತ್ತು ದಾಟಿದ ಹೆಂಗಸು. ಮದುವೆಯಾಗಿ ಟೆಕ್ಸಾಸಿಗೆ ಬಂದು, ಗಂಡನನ್ನು ಕಳೆದುಕೊಂಡು, ನಮ್ಮ ಮನೆಯಿಂದ ಎರಡು ಬೀದಿ ಆಚೆ ಒಬ್ಬರೇ ಇದ್ದರು. ಮೊದಲು ಕೋಣೆ ತುಂಬ ಜನ ಬಂದರು. ಆಮೇಲೆ ಉಳಿದದ್ದು ಇಬ್ಬರೇ. ಒಬ್ಬಳು ಜೆನ್ನಿ, ಡೆನ್ಮಾರ್ಕಿನ ಹುಡುಗನನ್ನು ಮದುವೆಯಾಗಲಿದ್ದ ಟೆಕ್ಸಾಸಿನ ಹುಡುಗಿ. ಅವಳಿಗೆ ಪ್ರೇಮದ ಬೆಂಬಲವಿತ್ತು. ಇನ್ನೊಬ್ಬ ನಾನು. ನನಗೆ ಮ್ಯಾನೇಜರನ ಭಯವಿತ್ತು.

ನಮ್ಮ ಪಠ್ಯಪುಸ್ತಕ, ಡೆನ್ಮಾರ್ಕಿಗೆ ಬಂದು ನೆಲೆಸುವ ವಿದೇಶಿಯರಿಗಾಗಿ ಬರೆದದ್ದು. ಅದರಲ್ಲಿ ಎಲ್ಲರೂ ಬಸ್ಸಿಗೆ ಕಾಯುತ್ತಾರೆ, ಸೈಕಲ್ ತುಳಿಯುತ್ತಾರೆ, ಸದಾ ಮಳೆ ಬರುತ್ತಿರುತ್ತದೆ. ಬಸ್ಸನ್ನೇ ಕಾಣದ ನಮ್ಮ ಪೇಟೆಯಲ್ಲಿ, ಕಾರಿನ ಸ್ಟಿಯರಿಂಗ್ ಮುಟ್ಟಿದರೆ ಕೈ ಸುಡುವ ಆಗಸ್ಟಿನಲ್ಲಿ ಕೂತು, "ಅಯ್ಯೋ, ನನ್ನ ಮಳೆಯಂಗಿ ಒದ್ದೆಯಾಯಿತು" ಎಂದು ಜೆನ್ನಿಯೂ ನಾನೂ ಪರಸ್ಪರ ದುಃಖ ತೋಡಿಕೊಳ್ಳುತ್ತಿದ್ದೆವು.

ಬರೆದದ್ದನ್ನೆಲ್ಲ ಉಚ್ಚರಿಸುವ ಜನ ನಾವು. ಒಂದು ಒತ್ತಕ್ಷರ ಬಿಟ್ಟರೆ ಮೈಸೂರಿನ ನಮ್ಮ ಮೇಷ್ಟ್ರು ಕಿವಿ ಹಿಂಡುತ್ತಿದ್ದರು. ಡೆನ್ಮಾರ್ಕಿನ ಡೇನರು ಹಾಗಲ್ಲ. ಧಾರಾಳವಾಗಿ ಬರೆಯುತ್ತಾರೆ, ಓದುವಾಗ ಅರ್ಧ ನುಂಗುತ್ತಾರೆ. ಲೆಕ್ಕವೂ ವಿಚಿತ್ರ. ಐವತ್ತು ಎನ್ನುವುದಕ್ಕೆ ಅವರ ಪದವನ್ನು ಬಿಡಿಸಿದರೆ ಎರಡೂವರೆ ಇಪ್ಪತ್ತು ಎಂದಾಗುತ್ತದೆ. ಮನೆಗೆ ಅವರಲ್ಲಿ 'ಹೂಸ್' ಎನ್ನುತ್ತಾರೆ. ಕನ್ನಡ ಬಲ್ಲವನು ಇದನ್ನು ಗಂಭೀರವಾಗಿ ಹೇಳುವುದು ಹೇಗೆ? "ಇದು ನನ್ನ ಹೂಸ್. ನನ್ನ ಹೂಸ್ ದೊಡ್ಡದು" ಎಂದು ನಾನು ಮನೆಯಲ್ಲಿ ಅಭ್ಯಾಸ ಮಾಡುವುದನ್ನು ಕೇಳಿ ವಿದ್ಯಾ ಹಿಟ್ಟು ಕಲೆಸುವುದನ್ನು ಬಿಟ್ಟು ನೆಲದ ಮೇಲೆ ಕೂತು ನಕ್ಕಳು. "ಸಾಕ್ರಿ, ಇನ್ನ ನಗಸಬ್ಯಾಡ್ರಿ" ಎಂದು ಕಣ್ಣೊರೆಸಿಕೊಂಡಳು.

ಒಂದು ವಿಷಯದಲ್ಲಿ ಮಾತ್ರ ಡ್ಯಾನಿಷ್ ನಮ್ಮ ಕಡೆಯದೇ ಅನ್ನಿಸಿತು. ಇಂಗ್ಲಿಷಿನವರು ಪದದ ಮುಂದೆ 'ದಿ' ಎಂದು ಒಂದು ಚೂರು ನಿಲ್ಲಿಸುತ್ತಾರಲ್ಲ, ಡೇನರು ಅದನ್ನು ನಮ್ಮ ವಿಭಕ್ತಿಪ್ರತ್ಯಯದಂತೆ ಹಿಂದೆ ಬಾಲವಾಗಿ ಅಂಟಿಸುತ್ತಾರೆ. ಹೂಸ್ ಎಂದರೆ ಯಾವುದೋ ಮನೆ, ಹೂಸೆದ್ ಎಂದರೆ ಆ ಮನೆ. ಬಾಲ ಸರಿ, ಅದರ ಕೊನೆಯ ದಕಾರ ನಮ್ಮದಲ್ಲ. ಅದು 'ದ'ವೂ ಅಲ್ಲ, 'ಲ'ವೂ ಅಲ್ಲ, ಬಾಯೊಳಗೆ ಕರಗಿಹೋಗುವ ಮೆತ್ತನೆಯ ಒಂದು ಸದ್ದು. ನಾಲಿಗೆಯ ತುದಿಯನ್ನು ಕೆಳಹಲ್ಲಿನ ಹಿಂದೆ ಒರಗಿಸಬೇಕು. ಇಂಗರ್ ಪ್ರತಿ ವಾರವೂ ತಮ್ಮ ಕೆಳಹಲ್ಲನ್ನು ಬೆರಳಿನಿಂದ ಮುಟ್ಟಿ ತೋರಿಸುತ್ತಿದ್ದರು. ನನ್ನ ನಾಲಿಗೆ ಪ್ರತಿ ವಾರವೂ ಮೇಲ್ಹಲ್ಲಿಗೇ ಹೋಗುತ್ತಿತ್ತು. ಅವರು ಬೇಸರ ಮಾಡಿಕೊಂಡವರಲ್ಲ. ವಿದ್ಯಾ ಹ್ಯೂಸ್ಟನ್ನಿನ ಹಿಲ್‌ಕ್ರಾಫ್ಟ್ ರಸ್ತೆಯ ನಮ್ಮವರ ಅಂಗಡಿಯಿಂದ ಒಡೆದ ಹಳದಿ ಬಟಾಣಿ ತಂದುಕೊಡಲು ಶುರುಮಾಡಿದ ಮೇಲೆ ಇಬ್ಬರಿಗೂ ಸ್ನೇಹವಾಗಿತ್ತು. ಇಂಗರ್ ಅದರಲ್ಲಿ ತಮ್ಮೂರಿನ ಸೂಪು ಮಾಡುತ್ತಿದ್ದರು. ಅದು ಒಗ್ಗರಣೆ ಮರೆತ ತೊವ್ವೆ ಎಂದು ವಿದ್ಯಾಳ ಅಭಿಪ್ರಾಯ.

ಅಂಥ ಒಂದು ಶನಿವಾರ ಪಾಠ ಹೇಳುತ್ತಿದ್ದ ಇಂಗರ್ ಮಾತು ನಿಲ್ಲಿಸಿದರು. ಕೈಯಲ್ಲಿದ್ದ ಮಾರ್ಕರ್ ಜಾರಿತು. ಬಾಯಿಯ ಒಂದು ಬದಿ ಸ್ವಲ್ಪ ಇಳಿದಿತ್ತು. ನಾನು ಹಿಡಿದು ಕುರ್ಚಿಯಲ್ಲಿ ಕೂರಿಸುವಷ್ಟರಲ್ಲಿ ಜೆನ್ನಿ ಆಂಬುಲೆನ್ಸಿಗೆ ಫೋನ್ ಮಾಡಿದ್ದಳು.

ಆಸ್ಪತ್ರೆಯಲ್ಲಿ ಡಾಕ್ಟರು, "ಸಣ್ಣ ಸ್ಟ್ರೋಕ್. ಬೇಗ ಕರೆತಂದಿರಿ, ಒಳ್ಳೆಯದಾಯಿತು" ಎಂದರು. ಇಂಗರ್ ಎಚ್ಚರವಾಗಿದ್ದರು, ಆದರೆ ಇಂಗ್ಲಿಷ್ ಹೊರಟುಹೋಗಿತ್ತು. ಐವತ್ತು ವರ್ಷ ಬಳಸಿದ ಭಾಷೆ, ಎರವಲು ತಂದ ಕೊಡೆಯಂತೆ ಎಲ್ಲೋ ಬಿಟ್ಟುಹೋಗಿತ್ತು. ಡಲ್ಲಾಸಿನಲ್ಲಿದ್ದ ಅವರ ಮಗ ಪೀಟರ್, ಲೈಬ್ರರಿಯಲ್ಲೇ ಉಳಿದ ಜೆನ್ನಿಯಿಂದ ಸುದ್ದಿ ತಿಳಿದು ಕಾರಿನಲ್ಲಿ ಹೊರಟಿದ್ದ. ಬರಲು ಇನ್ನೂ ಬಹಳ ಹೊತ್ತಿತ್ತು.

ಇಂಗರ್ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದರು. ನರ್ಸಿಗೆ ಅದು 'ಕಂಫರ್ಟ್' ಎಂದು ಕೇಳಿಸಿತು. "ಕಂಫರ್ಟೆಬಲ್ ಆಗಿಲ್ಲವಾ, ಹನಿ?" ಎಂದು ದಿಂಬು ಸರಿಮಾಡಿದಳು. ಇಂಗರ್ ತಲೆ ಅಲ್ಲಾಡಿಸಿ ಇನ್ನೂ ಜೋರಾಗಿ ಹೇಳಿದರು. ನರ್ಸು ಇನ್ನೊಂದು ದಿಂಬು ತಂದಳು. ನನಗೂ ಕಂಫರ್ಟ್ ಎಂದೇ ಕೇಳಿಸುತ್ತಿತ್ತು. ಇಂಗರ್ ನನ್ನ ತೋಳು ಹಿಡಿದುಕೊಂಡರು. ಕಣ್ಣಲ್ಲಿ ನೀರಿತ್ತು. ಮುಖದ ಹತ್ತಿರ ಬಗ್ಗಿ ಕೇಳಿಸಿಕೊಂಡೆ. ಮಾತಿನ ಕೊನೆಯಲ್ಲಿ 'ಟ್' ಇರಲಿಲ್ಲ. ಕರಗಿಹೋಗುವ ಒಂದು ಸದ್ದಿತ್ತು.

ಬಾಲ! ಇದು ಇಂಗ್ಲಿಷ್ ಅಲ್ಲ, ಡ್ಯಾನಿಷ್. ಬಾಲ ಕತ್ತರಿಸಿದರೆ ಉಳಿಯುವುದು ಕೊಂಫೂರ್. 'ಅಡುಗೆಮನೆಯಲ್ಲಿ' ಎಂಬ ಪಾಠದ ಚಿತ್ರ ಕಣ್ಣ ಮುಂದೆ ಬಂತು. ಫ್ರಿಜ್, ಮೇಜು, ಮತ್ತು ಕೊಂಫೂರ್, ಅಂದರೆ ಒಲೆ. ಕೊಂಫೂರೆದ್, ಆ ಒಲೆ. ಮಧ್ಯಾಹ್ನದ ಊಟಕ್ಕೆ ಸೂಪನ್ನು ಸಣ್ಣ ಉರಿಯಲ್ಲಿಟ್ಟು ಪಾಠಕ್ಕೆ ಬಂದಿರಬೇಕು!

ಕಾರಿಡಾರಿಗೆ ಓಡಿ ಮನೆಗೆ ಫೋನ್ ಮಾಡಿದೆ. "ವಿದ್ಯಾ, ಇಂಗರ್ ಮನೆ ಸ್ಟವ್ ಆನ್ ಆಗಿದೆ. ಪಕ್ಕದ ಮನೆಯವರ ಹತ್ರ ಬೀಗದಕೈ ಇರತ್ತೆ. ಬೇಗ ಹೋಗು!" ಅವಳು ಒಂದು ಪ್ರಶ್ನೆಯನ್ನೂ ಕೇಳದೆ ಫೋನಿಟ್ಟದ್ದು ನಮ್ಮ ಸಂಸಾರದಲ್ಲಿ ಅಪರೂಪ. ಅವಳ ಫೋನಿಗೆ ಕಾಯುತ್ತ ನಾನು ಆ ಪುಟ್ಟ ಮನೆಯನ್ನು ನೆನೆದೆ. ಕಿಟಕಿಯ ಬಿಳಿ ಪರದೆ, ಗಂಡನ ಫೋಟೋ, ಮರದ ಗೋಡೆ. ಟೆಕ್ಸಾಸಿನ ಮನೆಗಳೆಲ್ಲ ಮರದವೇ. ಬೆಂಕಿ ಕೇಳಿಕೊಂಡು ಬರುವುದಿಲ್ಲ.

ಮೊಬೈಲ್ ಕೂಗಿತು. "ಬಂದ್ ಮಾಡೇನ್ರಿ" ಎಂದಳು ವಿದ್ಯಾ, ಏದುಸಿರು ಬಿಡುತ್ತ. "ಪಾತೇಲಿ ತಳಾ ಹತ್ತಿ ಕರ್ರಗಾಗೇದ. ಮನಿ ತುಂಬ ಹೊಗಿ. ಕಿಟಕಿ ಎಲ್ಲಾ ತಗದೇನಿ. ಬೆಂಕಿ ಏನೂ ಹತ್ತಿಲ್ಲ. ಅವ್ರಿಗೆ ಹೇಳ್ರಿ, ಕಾಳಜಿ ಮಾಡಬ್ಯಾಡ ಅಂತ."

ಹೇಳಬೇಕು ನಿಜ, ಯಾವ ಭಾಷೆಯಲ್ಲಿ? ಮಂಚದ ಪಕ್ಕ ನಿಂತು ನನಗೆ ಬರುವ ಡ್ಯಾನಿಷನ್ನೆಲ್ಲ ಕೂಡಿಹಾಕಿ ಒಂದು ವಾಕ್ಯ ಕಟ್ಟಿದೆ: "ಕೊಂಫೂರೆದ್ ಎರ್ ಸ್ಲುಕೆದ್." ಒಲೆ ಆರಿದೆ. ಇಂಗರ್ ನನ್ನನ್ನೇ ನೋಡಿದರು. ಅರ್ಥವಾಗಲಿಲ್ಲವೇನೋ ಎಂದು ಇನ್ನೊಮ್ಮೆ ಹೇಳಿದೆ. ಅವರು ನಿಧಾನವಾಗಿ, ಸ್ವಾಧೀನದಲ್ಲಿದ್ದ ಕೈಯನ್ನು ಎತ್ತಿ, ಒಂದು ಬೆರಳಿನಿಂದ ತಮ್ಮ ಕೆಳಹಲ್ಲನ್ನು ಮುಟ್ಟಿ ತೋರಿಸಿದರು.

ನನ್ನ ದಕಾರ ತಪ್ಪಿತ್ತು! ಅಲ್ಲೇ ಕುರ್ಚಿಯಲ್ಲಿ ಕುಸಿದು ನಕ್ಕೆ. ಅವರೂ ಒಂದೇ ಬದಿಯಲ್ಲಿ ನಕ್ಕರು. ನಾಲಿಗೆಯನ್ನು ಕೆಳಗಿಳಿಸಿ ಮತ್ತೊಮ್ಮೆ ಹೇಳಿದೆ. ಅವರು ಕಣ್ಣು ಮುಚ್ಚಿ, ದಿಂಬಿಗೊರಗಿ ನಿದ್ದೆಹೋದರು. ದಿಂಬುಗಳಿಗೇನೂ ಕೊರತೆಯಿರಲಿಲ್ಲ.

ಆಮೇಲೆ ಬಂದ ಪೀಟರ್ ಅಮ್ಮನ ಮಾತಿಗೆಲ್ಲ ತಲೆಯಾಡಿಸಿದ, ಉತ್ತರ ಇಂಗ್ಲಿಷಿನಲ್ಲಿ ಕೊಟ್ಟ. "ಚಿಕ್ಕಂದಿನಿಂದ ನಾವು ಹೀಗೇ" ಎಂದು ನನ್ನ ಕಡೆ ನೋಡಿ ಸಂಕೋಚದಿಂದ ನಕ್ಕ. ಕೆಲವು ವಾರಗಳಲ್ಲಿ ಇಂಗರ್ ಅವರ ಇಂಗ್ಲಿಷ್ ಮನೆಗೆ ಮರಳಿತು, ಅವರೂ ಮರಳಿದರು. ಕಂಪನಿ ಮನಸ್ಸು ಬದಲಾಯಿಸಿ, ನನ್ನನ್ನು ಡೆನ್ಮಾರ್ಕಿನ ಬದಲು ಎರಡು ವಾರ ಆಸ್ಟಿನ್ನಿಗೆ ಕಳಿಸಿ ಕೈತೊಳೆದುಕೊಂಡಿತು. ಮನೆಯಲ್ಲಿ ಎಲ್ಲರೂ ನೆಮ್ಮದಿಯ ಉಸಿರುಬಿಟ್ಟೆವು.

ಮೇಘನಾ ಮಾತ್ರ ಏನೋ ಯೋಚಿಸುತ್ತಿದ್ದಳು. ಒಂದು ಸಂಜೆ ಅಡುಗೆಮನೆಗೆ ಬಂದು ಒಲೆಯತ್ತ ಕೈತೋರಿಸಿ, "ಅಪ್ಪಾ, ವಾಟ್ ಡು ಯು ಕಾಲ್ ದಿಸ್?" ಎಂದು ಕೇಳಿದಳು. ನನಗೂ ಇಂಗರ್‌ಗೆ ಆದ ಹಾಗೆ ಆದರೆ ನರ್ಸಿಗೆ ಹೇಳಲು ತನಗೆ ಗೊತ್ತಿರಬೇಕಂತೆ. ಗಂಭೀರವಾಗಿ "ಒಲೆ" ಎಂದೆ.

"ಸುಳ್ಳ ಹೇಳಬ್ಯಾಡ್ರಿ" ಎಂದಳು ವಿದ್ಯಾ. "ಒಂದು ದಿನಾನೂ ಒಲಿ ಅಂದಿಲ್ಲ ನೀವು. 'ಸ್ಟವ್ ಆಫ್ ಮಾಡು' ಅಂತೀರಿ."

ನಿಜವೇ. ಇಂಗ್ಲಿಷ್ ಪದಗಳಿಗೆ 'ಮಾಡು' ಹಚ್ಚಿ ಬದುಕಿದ ನನಗೆ ತಲೆಯಲ್ಲಿ ಏನೇ ಆದರೂ, ಟೆಕ್ಸಾಸಿನ ಯಾವ ನರ್ಸಿಗೂ ನನ್ನ ಕನ್ನಡ ಅರ್ಥವಾಗುತ್ತದೆ. ಭಾಷೆ ಕೆಟ್ಟಿತೆಂದು ಕೊರಗಿದವನಿಗೆ ಮೊದಲ ಸಲ ಅದೊಂದು ಸಮಾಧಾನವಾಗಿ ಕಂಡಿತು.

"ಅಮ್ಮಾ, ಯು?" ಎಂದಳು ಮಗಳು.

"ನಾ 'ಗ್ಯಾಸ್ ಬಂದ್ ಮಾಡ್ರಿ' ಅಂತೀನಿ."

ಮೇಘನಾ ಹುಬ್ಬು ಗಂಟಿಕ್ಕಿದಳು. ಗ್ಯಾಸ್ ಎಂದರೆ ನರ್ಸು ಹೊಟ್ಟೆಯುಬ್ಬರಕ್ಕೆ ಮಾತ್ರೆ ಕೊಡುತ್ತಾಳೆ ಎಂದು ಅವಳ ಆತಂಕ. ಅಪ್ಪನ ಚಿಂತೆಯಿಲ್ಲ, ಅಮ್ಮನಿಗೆ ತಾನು ಬೇಕೇಬೇಕು ಎಂದು ತೀರ್ಮಾನಿಸಿ, "ಗ್ಯಾಸ್ ಅಂದ್ರೆ ಸ್ಟವ್, ಬಂದ್ ಅಂದ್ರೆ ಆಫ್" ಎಂದು ಬಾಯಿಪಾಠ ಮಾಡುತ್ತ ಹೊರಟಳು, ಕನ್ನಡದಲ್ಲೇ. ನಮ್ಮ ಮನೆಯ ಸ್ಟವ್ ಕರೆಂಟಿನದು ಎಂಬ ಮಾತನ್ನು ಯಾರೂ ಎತ್ತಲಿಲ್ಲ.