ಅಜ್ಜನ ಟಗರು, ಅಳಿಯನ ಬಂಪರ್

ಗೆಳೆಯರೇ, ಬೆಳಿಗ್ಗೆಯಿಂದ ತಿಕ್ಕಿ ಹೊಳೆಸಿದ ಬಂಪರಿಗೆ ಇವತ್ತು ನನ್ನ ಕಣ್ಣೆದುರೇ ಕೆಸರು ಮೆತ್ತಿದರು.

ಕುಬಟೂರಿನ ಬಸಪ್ಪಜ್ಜ ಸೊರಬದ ಅಳಿಯನ ಜೊತೆ, ಅವನ ಕಾರಿನಲ್ಲೇ ಶಿಕಾರಿಪುರದ ನಮ್ಮ ಗ್ಯಾರೇಜಿಗೆ ಬಂದಿದ್ದರು. ಅಜ್ಜನ ಟಗರು ಹೊಳೆಯುವ ಪ್ಲಾಸ್ಟಿಕ್ ಬಂಪರಿನಲ್ಲಿ ತನ್ನ ಮುಖ ಕಂಡು, ಬೇರೆ ಟಗರೆಂದು ಗುದ್ದಿ ಎರಡು ತೂತು ಮಾಡಿತ್ತು.

"ಗುರುತು ಉಳಿದ್ರೆ ಟಗರು ಸಂತೆಗೆ ಹೋಗ್ಬೇಕು, ಮಾವ" ಎಂದ ಅಳಿಯ.

ಅಜ್ಜ ನನ್ನ ಕಿವಿಯಲ್ಲಿ, "ತಮ್ಮಾ, ತಾಯಿಲ್ಲದ ಮರಿ. ಬಾಟ್ಲಿ ಹಾಲು ಕುಡಿಸಿ ಸಾಕೀನಿ. ಹೆಂಗಾರ ಉಳಿಸು" ಎಂದರು.

ತೂತುಗಳ ಹಿಂದೆ ಜಾಲರಿ ಕೊಟ್ಟು, ಪುಟ್ಟಿ ತುಂಬಿ, ಒಣಗಿದ ಮೇಲೆ ಎಮರಿ ಪೇಪರಿನಲ್ಲಿ ತಿಕ್ಕಿ ಬಣ್ಣ ಹೊಡೆದೆ. ಬಣ್ಣ ಒಣಗಿತು. ಅಳಿಯ ಬೆರಳಾಡಿಸಿದ, ಏನೂ ಸಿಗಲಿಲ್ಲ.

"ಒಂಚೂರೂ ಗೊತ್ತಾಗಲ್ಲ, ಅಲ್ವೇನೋ?" ಎಂದು ನನ್ನನ್ನು ಕೇಳಿದ.

ಅಜ್ಜ ನನಗೆ ಕಣ್ಣು ಮಿಟುಕಿಸಿದರು. ಆದರೆ ಸುಳ್ಳು ನನ್ನ ಬಾಯಿಗೆ ಬರುವುದಿಲ್ಲ. "ಬಿಸಿಲಿಗೆ ಬಣ್ಣ ಸ್ವಲ್ಪ ಬೇರೆ ಕಾಣ್ತೈತ್ರಿ" ಎಂದೆ.

"ನಿನ್ನ ಬಾಯಿಗೂ ಒಂದಿಷ್ಟು ಪುಟ್ಟಿ ತುಂಬ್ಕೊಬಾರ್ದೇನೋ ಮಾರಾಯಾ!" ಎಂದ ಅಜ್ಜ, ನಲ್ಲಿಯ ಬುಡದ ಕೆಸರು ತಂದು ಬಂಪರಿಗೆಲ್ಲ ಬಳಿದೇಬಿಟ್ಟರು.

"ಏನ್ ಮಾವ ಇದು!"

"ಈಗ ನೋಡಪ್ಪಾ. ನಿನಗೆ ಬಣ್ಣ ಕಾಣಲ್ಲ, ಟಗರಿಗೆ ತನ್ನ ಮುಖ ಕಾಣಲ್ಲ. ಇನ್ಯಾರನ್ನ ಗುದ್ದತೈತಿ?"

ಅಳಿಯನಿಗೆ ನಗು ತಡೆಯಲಾಗಲಿಲ್ಲ. "ಇರ್ಲಿ ಬಿಡಿ, ಟಗರು ಮನೇಲೇ ಇರ್ಲಿ" ಎಂದು ಕಾರು ಹತ್ತಿದ.

ತುಂಬಿದ ಜಾಗ ಕಾಣದಿದ್ದರೇ ಒಳ್ಳೆಯ ಕೆಲಸ ಎನ್ನುತ್ತಾರೆ ಕೆಲಸ ಕಲಿಸಿದ ನಮ್ಮ ಉಸ್ತಾದ್. ಆ ಲೆಕ್ಕದಲ್ಲಿ ಇವತ್ತಿನದಕ್ಕಿಂತ ಒಳ್ಳೆಯ ಕೆಲಸ ನಾನು ಮಾಡಿಯೇ ಇಲ್ಲ.