ಪಂಚಾಕ್ಷರಯ್ಯನವರ ಬಲಗಡೆಯ ಹೃದಯ

ಕಾಟನ್‌ಪೇಟೆಯ ಹಗ್ಗದ ಮಂಡಿಯಲ್ಲಿ ಮೂವತ್ತೆಂಟು ವರ್ಷ ತೂಕ ಹಾಕಿದ ಪಂಚಾಕ್ಷರಯ್ಯನವರಿಗೆ ತಮ್ಮ ಹೃದಯ ಬಲಗಡೆ ಇದೆಯೆಂದು ತಿಳಿದದ್ದು ವಯಸ್ಸು ನಲವತ್ತು ದಾಟಿದ ಮೇಲೆ. ಅದುವರೆಗೆ ಅದು ಎಲ್ಲಿದೆಯೆಂದು ವಿಚಾರಿಸಿದವರೂ ಇರಲಿಲ್ಲ. ಕೆಮ್ಮಿಗೆಂದು ಎಕ್ಸ್‌ರೇ ತೆಗೆಸಿದಾಗ ಅಲ್ಲಿದ್ದಾತ ಫಿಲ್ಮನ್ನು ತಿರುಗಿಸಿ ನೋಡಿದ, ತನ್ನದೇ ತಪ್ಪೆಂದು ಇನ್ನೊಂದು ತೆಗೆದ. ಮೂರನೆಯದಕ್ಕೆ, ತಪ್ಪು ತನ್ನದಲ್ಲ, ಸರಕೇ ಹೀಗೆ ಎಂದು ಒಪ್ಪಿಕೊಂಡ. ಯಕೃತ್ತು ಎಡಕ್ಕೆ, ಜಠರ ಬಲಕ್ಕೆ. ಕನ್ನಡಿಯೊಳಗಿನ ಮನುಷ್ಯ ಹೊರಗೆ ಬಂದು ಕೂತ ಹಾಗೆ. ಬಾಳಿಕೆಗೆ ಮಾತ್ರ ಯಾವ ಕೊರತೆಯೂ ಇರಲಿಲ್ಲ.

ಆಮೇಲೆ ವರ್ಷಕ್ಕೊಂದು ದಿನ ಅವರಿಗೆ ಗಿರಾಕಿ ಬಂತು. ವೈದ್ಯಕೀಯ ಕಾಲೇಜೊಂದರ ಪರೀಕ್ಷೆಯಲ್ಲಿ ಬರಿಮೈಯಲ್ಲಿ ಮಲಗಬೇಕು. ವಿದ್ಯಾರ್ಥಿಗಳು ಒತ್ತಿ, ತಟ್ಟಿ, ಆಲಿಸಿ, ಇವರಲ್ಲಿ ಏನು ವಿಶೇಷವೆಂದು ಕಂಡುಹಿಡಿಯಬೇಕು. ಚಾಮರಾಜಪೇಟೆಯ ತಮ್ಮ ಒಂಟಿ ಕೋಣೆಯಿಂದ ಆ ದಿನ ಅವರು ಮದುವೆಗೆ ಹೊರಟವರಂತೆ ಹೊರಡುತ್ತಿದ್ದರು. ಮದುವೆ ತಮ್ಮದಂತೂ ಆಗಿರಲಿಲ್ಲ. ತಾಯಿ ತೀರಿಕೊಂಡ ಮೇಲೆ, ಕ್ಷೌರದವನನ್ನು ಬಿಟ್ಟರೆ, ಇನ್ನೊಬ್ಬರ ಕೈ ಅವರ ಮೈಗೆ ತಾಗುತ್ತಿದ್ದದ್ದು ಆ ಒಂದೇ ದಿನ.

ಒಂದು ದೌರ್ಬಲ್ಯ ಅವರಿಗಿತ್ತು. ಬೆವರುವ ಮಕ್ಕಳನ್ನು ಕಂಡರೆ ಬಲಪಕ್ಕೆಯನ್ನು ಮೆಲ್ಲಗೆ ಕೆರೆದುಕೊಳ್ಳುತ್ತಿದ್ದರು. ಸುಳಿವು ಸಿಕ್ಕವರು ಪಾಸು. ಈ ವರ್ಷ ಪ್ರೊಫೆಸರ್ ಶಶಿಕುಮಾರ್ ಮೊದಲೇ ಎಚ್ಚರಿಸಿದರು: ಕೈ ಆಡಿಸಿದರೆ ಮುಂದಿನ ವರ್ಷದಿಂದ ಕರೆಯುವುದಿಲ್ಲ. ಪಂಚಾಕ್ಷರಯ್ಯನವರು ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಮಲಗಿದರು.

ಮೂರನೆಯವಳು ತೇಜಶ್ರೀ ಎಂಬ ಹುಡುಗಿ. ಎದೆಯ ಮೇಲಿದ್ದ ಲಿಂಗದ ಕರಡಿಗೆಯನ್ನು ಮುಟ್ಟಲು ಹಿಂಜರಿದಳು. ಅವರೇ ಅದನ್ನು ಭುಜದತ್ತ ಸರಿಸಿಕೊಟ್ಟರು. ಎಡಗಡೆ ಸ್ಟೆತಸ್ಕೋಪ್ ಇಟ್ಟಳು, ಸರಿಸಿದಳು, ಮತ್ತೆ ಅಲ್ಲೇ ಇಟ್ಟಳು. ಬೆರಳು ಮಂಜುಗಡ್ಡೆಯಾಗಿತ್ತು.

"ಅಜ್ಜ, ಉಸಿರು ಹಿಡ್ಕೊಳಿ."

"ನಾನು ಹಿಡ್ಕೊಂಡೇ ಇದೀನಿ ತಾಯಿ. ನೀನು ಸ್ವಲ್ಪ ಬಿಡು."

ಅವಳು ನಗಲಿಲ್ಲ. ಗಡಿಯಾರ ನೋಡಿದಳು, ಕಣ್ಣು ತುಂಬಿತು. ಪಂಚಾಕ್ಷರಯ್ಯನವರು ಶಶಿಕುಮಾರರ ಕಡೆ ಒಮ್ಮೆ ನೋಡಿದರು. ಆಮೇಲೆ ತೊಡೆಯ ಕೆಳಗಿಂದ ಕೈ ತೆಗೆದು, ಕೆರೆದುಕೊಳ್ಳುವ ನಾಟಕವೂ ಇಲ್ಲದೆ, ಅವಳ ಅಂಗೈಯನ್ನು ಹಿಡಿದು ತಮ್ಮ ಬಲ ಎದೆಯ ಮೇಲೆ ಇಟ್ಟರು.

ಶಶಿಕುಮಾರ್ ಬಂದು ನಿಂತರು. "ಜಾಗ ಅವ್ರು ತೋರ್ಸಿದ್ರು. ಕಾರಣ ನೀನು ಹೇಳಮ್ಮ."

ಅವಳು ಕೈ ತೆಗೆಯುವುದನ್ನು ಮರೆತೇ ಹೇಳತೊಡಗಿದಳು. ಗರ್ಭದ ಮೂರನೆಯ ವಾರದಲ್ಲಿ ಮನುಷ್ಯನೆಂದರೆ ಸಾಸಿವೆ ಕಾಳಿನಷ್ಟು ಅಗಲದ ಚಪ್ಪಟೆ ಬಿಲ್ಲೆ, ಮೂರು ಪದರ. ಮೇಲಿನದರಿಂದ ಚರ್ಮ, ಮಿದುಳು, ನರ. ನಡುವಿನದರಿಂದ ಮೂಳೆ, ಸ್ನಾಯು, ರಕ್ತ, ಹೃದಯ. ಕೆಳಗಿನದರಿಂದ ಕರುಳಿನ ಒಳಮೈ. ಆ ಬಿಲ್ಲೆಯಲ್ಲೊಂದು ಗುಳಿ. ಅದರಲ್ಲಿ ಕಣ್ಣಿಗೆ ಕಾಣದ ಎಳೆಗಳು ಗಿರಗಿರ ತಿರುಗಿ ಸುತ್ತಲಿನ ದ್ರವವನ್ನು ಎಡಕ್ಕೆ ತಳ್ಳುತ್ತವೆ. ಎಡ ಯಾವುದೆಂದು ಮೈಗೆ ತಿಳಿಯುವುದು ಆ ಹರಿವಿನಿಂದ. ಆಮೇಲೆ ಬಿಲ್ಲೆ ಅಂಚು ಮಡಚಿಕೊಂಡು ಮೈಯಾಗುತ್ತದೆ, ಹೃದಯದ ಕೊಳವೆ ಒಂದು ಕಡೆಗೆ ಬಾಗುತ್ತದೆ. ಇವರಲ್ಲಿ ಹರಿವು ದಾರಿ ತಪ್ಪಿರಬೇಕು. ಕೊಳವೆ ಇನ್ನೊಂದು ಕಡೆಗೆ ಬಾಗಿದೆ.

ಪಂಚಾಕ್ಷರಯ್ಯನವರಿಗೆ ಅರ್ಥವಾಯಿತು. ಮೊದಲ ಎಳೆಗೆ ಹುರಿ ಬಿದ್ದ ಕಡೆಗೇ ಇಡೀ ಹಗ್ಗ. ಇಷ್ಟು ವರ್ಷ ಯಾರೂ ಅವರಿಗೆ ಇದನ್ನು ಬಿಡಿಸಿ ಹೇಳಿರಲಿಲ್ಲ.

"ಆಗ ನಮ್ಮಮ್ಮಂಗೆ ಗೊತ್ತಿತ್ತಾ, ನಾನಿದೀನಿ ಅಂತ?"

"ಇರಲ್ಲ ಅಜ್ಜ. ಅಷ್ಟು ಬೇಗ ಯಾರಿಗೂ ಗೊತ್ತಾಗಲ್ಲ."

ಅವರು ತಲೆಯಾಡಿಸಿದರು. ಅವಳ ಅಂಗೈ ಅಷ್ಟರಲ್ಲಿ ಬೆಚ್ಚಗಾಗಿತ್ತು.

ಅವಳು ಪಾಸಾದಳು. ಶಶಿಕುಮಾರ್ ಅಂಕ ಬರೆಯುತ್ತಾ, ತಲೆಯೆತ್ತದೆ, ಮುಂದಿನ ವರ್ಷ ನೀವು ಮನೇಲೇ ಆರಾಮಾಗಿರಿ ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದಿದ್ದರೆ ಚೌಕಾಸಿಗೆ ದಾರಿಯಿರುತ್ತಿತ್ತು. ಪಂಚಾಕ್ಷರಯ್ಯನವರು ಆಗಲಿ ಎಂದು ಹಾಗೇ ಮಲಗಿದ್ದರು, ಇನ್ನೊಬ್ಬ ಬಾಕಿಯಿದ್ದ.

ಆ ಕೊನೆಯವನು ಬಹಳ ಜಾಣ. ಬೆರಳು ತಾಗಿಸದೆ, ಸ್ಟೆತಸ್ಕೋಪಿನಲ್ಲೇ ಎರಡು ನಿಮಿಷಕ್ಕೆ ಕಂಡುಹಿಡಿದು ಹೋದ. ಪರದೆಯಾಚೆ ಕುರ್ಚಿ ಎಳೆದ ಸದ್ದು, ಮಾತು, ಎಲ್ಲ ದೂರವಾಯಿತು. ಹಾಸಿಗೆಯ ಬಟ್ಟೆ ಬದಲಿಸಲು ಆಯಾ ಬಂದು ನಿಲ್ಲುವವರೆಗೂ ಅವರು ಅಂಗಿ ಹಾಕಿಕೊಳ್ಳಲಿಲ್ಲ.