ಜೋಗಿಮಟ್ಟಿಯ ಕಾಡಿನಲ್ಲಿ ಬಿಟ್ಟುಹೋದವರು

ಚಿತ್ರದುರ್ಗಕ್ಕೆ ನಾನು ಸೊಸೆಯಾಗಿ ಬಂದ ಮರುವರ್ಷ ಪ್ಲೇಗು ಬಂತು. ಮೊದಲು ಪೇಟೆಯ ಧಾನ್ಯದ ಮಂಡಿಗಳಲ್ಲಿ ಇಲಿ ಸತ್ತು ಬಿದ್ದವು, ಆಮೇಲೆ ನಮ್ಮ ಬೀದಿಯಲ್ಲಿ. ಎರಡು ಮನೆಗಳಲ್ಲಿ ಹೆಣ ಬಿದ್ದ ಮೇಲೆ ತಮಟೆ ಬಡಿದು ಸಾರಿದರು: ಎಲ್ಲರೂ ಊರು ಬಿಡಬೇಕು, ಊರಾಚೆಯ ಬಯಲಿನಲ್ಲಿ ಸರ್ಕಾರದವರು ತಡಿಕೆ ಕಟ್ಟಿ ಹುಲ್ಲು ಹೊದಿಸಿದ ಶೆಡ್ಡುಗಳಿವೆ, ಅಲ್ಲಿಗೆ ಹೋಗಬೇಕು. ಅಲ್ಲಿ ನೀರಿನ ಏರ್ಪಾಟಿತ್ತು. ದಿನಕ್ಕೊಮ್ಮೆ ಡಾಕ್ಟರು ಬಂದು ನೋಡುತ್ತಿದ್ದರು. ಬೀದಿಯವರೆಲ್ಲ ಗಂಟುಮೂಟೆ ಕಟ್ಟಿಕೊಂಡು ಅತ್ತ ನಡೆದರು.

ನಮ್ಮ ಮಾವನವರು ಮಾತ್ರ ಒಲ್ಲೆ ಎಂದರು. ಅವರದು ಕಂಬಳಿ ವ್ಯಾಪಾರ. ಪೇಟೆಯಲ್ಲಿ ಅಂಗಡಿ, ನಾಲ್ಕು ಜನರ ನಡುವೆ ಮರ್ಯಾದೆ, ಮಠದಲ್ಲಿ ಮುಂದಿನ ಸಾಲಿನಲ್ಲಿ ಕೂರುವ ಮನುಷ್ಯ.

"ಯಾರ್ಯಾರ ಮಗ್ಗುಲಾಗೋ ಕುಂತು ಉಣ್ಣಾಕೆ ನಮಗೇನು ಗತಿ ಬಂದೈತೆ? ಜೋಗಿಮಟ್ಟಿ ಕಾಡೈತೆ. ಅಲ್ಲಿ ಗಾಳಿ ಐತೆ, ನೀರೈತೆ. ಹೋಗಾಣ" ಎಂದರು.

ನಮ್ಮ ಅತ್ತೆ ಒಂದೇ ಮಾತು ಕೇಳಿದರು. "ಮಕ್ಕಳು ಮರಿ ಕಟ್ಕೊಂಡು ಕಾಡಾಗೆ ಹೆಂಗ್ರೀ ಇರಾದು?"

"ನಾನಿರ್ತೀನಲ್ಲ" ಎಂದರು ಮಾವ. ಆ ಮಾತು ನನ್ನ ಕಿವಿಯಲ್ಲಿ ಇವತ್ತಿಗೂ ಇದೆ.

ಹೊರಟವರು ಮಾವ, ಅತ್ತೆ, ನನ್ನ ಗಂಡ, ಭಾವ, ಓರಗಿತ್ತಿ, ಅವರ ಇಬ್ಬರು ಚಿಕ್ಕ ಮಕ್ಕಳು ಮತ್ತು ನಾನು. ಗುಡ್ಡದ ಬುಡದವರೆಗೆ ಗಾಡಿ ಹೋಯಿತು. ಅಲ್ಲಿಂದ ಮುಂದೆ ಹೊರೆ ಹೊತ್ತು ನಡೆದೆವು. ದಾರಿಯ ಮಗ್ಗುಲಲ್ಲೇ ಒಂದು ಪಾಳು ಮಂಟಪವಿತ್ತು. ದಾರಿಹೋಕರು ಇಳಿದುಕೊಳ್ಳುವ ಜಾಗ ಅದು, ಅಲ್ಲೇ ನಿಲ್ಲಬಹುದಿತ್ತು. ಮಾವನವರಿಗೆ ಅದೂ ಸರಿಬರಲಿಲ್ಲ, ಯಾರಾದರೂ ಬಂದಾರು ಎಂದರು. ದಾರಿ ಬಿಟ್ಟು, ಮುಳ್ಳು ಸರಿಸಿಕೊಂಡು, ಎರಡು ಗುಡ್ಡಗಳ ಸಂದಿಯಲ್ಲಿ ಹಳ್ಳವೊಂದು ಬಂಡೆಯ ಮೇಲೆ ಹರಿಯುವ ಕಡೆ ಹೋಗಿ ನಿಂತೆವು. ಮನುಷ್ಯರ ಹೆಜ್ಜೆ ಬಿದ್ದ ಗುರುತೇ ಇಲ್ಲದ ಜಾಗ.

ಗಂಡಸರು ಕವೆಗೋಲು ನೆಟ್ಟು, ಬಂದರೆ ಗಿಡದ ಸೊಪ್ಪು ಹೊದಿಸಿ ಎರಡು ಗುಡಿಸಲು ಹಾಕಿದರು. ಅಷ್ಟಕ್ಕೆ ಅವರ ಕೆಲಸ ಮುಗಿಯಿತು. ಮಿಕ್ಕಿದ್ದೆಲ್ಲ ಹೆಂಗಸರದು. ಕಲ್ಲು ಆರಿಸಿ ನೆಲ ಸಮ ಮಾಡಿದ್ದು, ಸುತ್ತ ಕಾರೆ ಮುಳ್ಳು ಎಳೆದು ಬೇಲಿ ಹಾಕಿದ್ದು, ಮೂರು ಕಲ್ಲಿಟ್ಟು ಒಲೆ ಹೂಡಿದ್ದು, ಹಳ್ಳದಿಂದ ನೀರು ಹೊತ್ತಿದ್ದು, ಪುಳ್ಳೆ ಆರಿಸಿದ್ದು, ಮುತ್ತುಗದ ಎಲೆ ತಂದು ಊಟದ ಎಲೆ ಹಚ್ಚಿದ್ದು. ಅತ್ತೆಗೆ ಕೂದಲು ಬೆಳ್ಳಗಾಗಿತ್ತು. ಆದರೂ ಎಲ್ಲರಿಗಿಂತ ಮುಂಚೆ ಎದ್ದು ಕೊಡ ಎತ್ತುತ್ತಿದ್ದವರು ಅವರೇ. ಜೋಗಿಮಟ್ಟಿಯ ಗಾಳಿ ಎಂದರೆ ಸುಮ್ಮನೆ ಬೀಸುವ ಗಾಳಿಯಲ್ಲ. ಒಲೆಯ ಬೂದಿಯನ್ನು ಎತ್ತಿ ಮುದ್ದೆಯ ಮೇಲೆ ಹಾಕುತ್ತಿತ್ತು, ಸೂರಿನ ಸೊಪ್ಪನ್ನು ಕಿತ್ತು ಒಯ್ಯುತ್ತಿತ್ತು. ದಿನಕ್ಕೊಮ್ಮೆ ಮತ್ತೆ ಸೊಪ್ಪು ಹೊದಿಸಬೇಕು, ಅದನ್ನೂ ನಾನೇ ಮಾಡುತ್ತಿದ್ದೆ. ಮಾವ ಬಂಡೆಯ ಮೇಲೆ ಕೂತು, "ಎಂಥಾ ಗಾಳಿ! ಎಂಥಾ ಗಾಳಿ!" ಎನ್ನುತ್ತಿದ್ದರು.

ಇಷ್ಟಾದರೂ ನಾನು ಸಹಿಸಿಕೊಂಡೆ. ಅತ್ತೆಯ ಜೊತೆ ಬಾರೆ ಹಣ್ಣು ಕೀಳಲು ಹೋಗುವುದು ನನಗೆ ಇಷ್ಟವಾಗಿತ್ತು. ಊರಿನ ಮನೆಯಲ್ಲಿ ಅಡುಗೆಮನೆ ದಾಟದ ಅತ್ತೆ ಇಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಂಡೆ ಹತ್ತುತ್ತಿದ್ದರು, ನನಗೂ ಕೈ ಕೊಟ್ಟು ಎಳೆದುಕೊಳ್ಳುತ್ತಿದ್ದರು.

ಸಹಿಸಲಾಗದ ಸಂಗತಿ ಬೇರೆ ಇತ್ತು. ಮಾವನವರು ದಿನಾ ಬೆಳಿಗ್ಗೆ ಗುಡ್ಡ ಇಳಿದು, ಕಾವಲಿನವರ ಕಣ್ಣು ತಪ್ಪಿಸಿ ಊರೊಳಗೆ ಹೋಗುತ್ತಿದ್ದರು. ಅಂಗಡಿ ಬೀಗ ನೋಡಿಕೊಂಡು ಬರಲಂತೆ. ಬರುವಾಗ ಒಂದೊಂದು ದಿನ ಅಂಗಡಿಯಿಂದ ಕಂಬಳಿ ಕಟ್ಟೊಂದನ್ನು ಹೆಗಲ ಮೇಲೆ ಹಾಕಿಕೊಂಡು ಬರುತ್ತಿದ್ದರು, ಕಳ್ಳರ ಪಾಲಾಗಬಾರದೆಂದು. ಇಲಿ ಬಿದ್ದ ಬೀದಿಯ ಕಂಬಳಿ ನಮ್ಮ ಗುಡಿಸಲಿನೊಳಗೆ, ಮಕ್ಕಳ ತಲೆದೆಸೆಯಲ್ಲಿ! ಅತ್ತೆ ಒಮ್ಮೆ, "ಹಳ್ಳದಾಗೆ ಮಿಂದು ಒಳಗೆ ಬರ್ರಿ, ಆ ಕಟ್ಟು ಬಿಸಿಲಿಗೆ ಹಾಕ್ರಿ" ಎಂದಿದ್ದಕ್ಕೆ, "ನನಗೆ ಬುದ್ಧಿ ಹೇಳಾಕೆ ಬರಬ್ಯಾಡ" ಎಂದು ಗದರಿದರು. ಇಬ್ಬರು ಗಂಡುಮಕ್ಕಳೂ ತಲೆ ತಗ್ಗಿಸಿ ಕೂತಿದ್ದರು.

ಹೀಗಿರುವಾಗ ಒಂದು ಮಧ್ಯಾಹ್ನ ನೀರಿಗೆ ಹೋದ ಅತ್ತೆ ಕೊಡ ಕೆಳಗಿಟ್ಟು ಬಂಡೆಗೆ ಒರಗಿ ಕೂತುಬಿಟ್ಟರು. ಬಿಸಿಲಲ್ಲಿ ಕೂತೂ ಹಲ್ಲು ಕಟಕಟ ಕಡಿಯುತ್ತಿದ್ದರು. ಹಿಡಿದುಕೊಂಡು ಬಂದು ಮಲಗಿಸಿದೆ. ಮೈ ಕಾದ ಹಂಚಿನ ಹಾಗಿತ್ತು. ಪ್ಲೇಗಾದರೆ ಗಡ್ಡೆ ಏಳುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಕಂಕುಳು, ತೊಡೆಸಂದಿ ಎಲ್ಲ ಮುಟ್ಟಿ ನೋಡಿದೆ. ಎಲ್ಲಿಯೂ ಗಡ್ಡೆ ಇರಲಿಲ್ಲ.

ಹೊರಗೆ ಬಂದು ಮಾವನವರಿಗೆ ಹೇಳಿದೆ. "ಗಡ್ಡೆ ಇಲ್ರಿ ಮಾವ. ನಾನೇ ನೋಡೀನಿ. ಬರೀ ಜ್ವರ."

"ನೀನೇನು ಡಾಕ್ಟ್ರಾ?" ಎಂದರು. ಅಷ್ಟು ಹೊತ್ತಿಗೆ ಅವರು ಗುಡಿಸಲಿನಿಂದ ಒಂದು ಮಾರು ದೂರ ಸರಿದು ನಿಂತಿದ್ದರು. ಒಳಗೆ ಬಗ್ಗಿ ಕೂಡ ನೋಡಲಿಲ್ಲ. ಮೂವತ್ತು ವರ್ಷ ಬಾಳಿದ ಹೆಂಡತಿ, ಅವಳ ಹಣೆ ಮುಟ್ಟಲಿಲ್ಲ. ಗಂಡುಮಕ್ಕಳತ್ತ ತಿರುಗಿ, "ಸಾಮಾನು ಕಟ್ರಿ. ಗುಡ್ಡದ ಆ ಮಗ್ಗುಲಿಗೆ ಹೋಗಾಣ" ಎಂದರು.

ಮೊದಲು ನನಗೆ ಅರ್ಥವಾಗಲಿಲ್ಲ. ಅತ್ತೆಯನ್ನು ಹೊತ್ತುಕೊಂಡು ಹೋಗುತ್ತಾರೆ ಎಂದುಕೊಂಡೆ. ಓರಗಿತ್ತಿ ಅಳುವುದನ್ನು ನೋಡಿದ ಮೇಲೆ ತಿಳಿಯಿತು.

"ಅತ್ತೆ?" ಎಂದೆ.

"ಇಲ್ಲೇ ಇರ್ಲಿ. ಹಿಟ್ಟು ನೀರು ಇಟ್ಟು ಹೋಗಾಣ. ಗುಣ ಆದ್ರೆ ಕರ್ಕೊಂಡು ಬರಾಣ. ಕೂಸುಗಳಿಗೆ ತಗಲಿದ್ರೆ ಏನ್ಮಾಡ್ತೀಯವ್ವ ನೀನು?"

ಕೂಸುಗಳ ಮಾತು ಸುಳ್ಳಲ್ಲ. ಓರಗಿತ್ತಿ ತನ್ನ ಮಕ್ಕಳನ್ನು ಕಟ್ಟಿಕೊಂಡು ಹೋದದ್ದಕ್ಕೆ ನಾನು ಯಾವತ್ತೂ ಅವಳ ಮೇಲೆ ಸಿಟ್ಟಾಗಲಿಲ್ಲ. ಅವಳು ಹೋಗಲೇಬೇಕಿತ್ತು. ಆದರೆ ಮೂವರು ಗಟ್ಟಿಮುಟ್ಟಾದ ಗಂಡಸರಿದ್ದರಲ್ಲ? ಅವರಲ್ಲಿ ಒಬ್ಬರಾದರೂ, "ನಾನು ಉಳೀತೀನಿ, ನೀವು ನಡೀರಿ" ಎನ್ನಬಾರದಿತ್ತೇ? ಅತ್ತೆ ಹೆತ್ತ ಇಬ್ಬರಲ್ಲಿ ಒಬ್ಬರಾದರೂ?

ನನ್ನ ಗಂಡ ಹತ್ತಿರ ಬಂದು ನೆಲ ನೋಡುತ್ತ ಹೇಳಿದರು. "ಅಪ್ಪ ಹೇಳಿದಾರೆ. ಬಾ."

"ನೀವು ಹೋಗ್ರಿ. ನಾನು ಬರಲ್ಲ" ಎಂದೆ. ಅವರ ಮುಖದಲ್ಲಿ ಮೂಡಿದ್ದು ನಾಚಿಕೆಯಲ್ಲ, ನಿರಾಳ. ಆ ಕಾರಣಕ್ಕೇ ನನಗೆ ಇನ್ನಷ್ಟು ರೇಗಿತು.

ಅವರು ದೊಡ್ಡ ಪಾತ್ರೆ ಒಯ್ದರು, ಕೊಡಲಿ ಒಯ್ದರು, ಹೊಸ ಕಂಬಳಿ ಕಟ್ಟುಗಳನ್ನೆಲ್ಲ ಒಯ್ದರು. ನಮಗೆ ಬಿಟ್ಟದ್ದು ಒಂದು ಮಡಕೆ, ಸ್ವಲ್ಪ ರಾಗಿ ಹಿಟ್ಟು, ಉಪ್ಪು, ಒಂದು ಹರಕು ಕಂಬಳಿ. ದುರ್ಗದ ಕಂಬಳಿ ವ್ಯಾಪಾರಿಯ ಹೆಂಡತಿ ಹರಕು ಕಂಬಳಿ ಹೊದ್ದು ಕಾಡಿನಲ್ಲಿ ನಡುಗಿದಳು.

ಜ್ವರ ಇಳಿದು ಕಣ್ಣು ತೆರೆದಾಗ ಅತ್ತೆ ಸುತ್ತ ನೋಡಿ, ಎಲ್ಲ ತಿಳಿದುಕೊಂಡರು. ಅಳಲಿಲ್ಲ. "ಅವ್ರು ಹೋಗೋವಾಗ ತಿರುಗಿ ನೋಡಿದ್ರಾ?" ಎಂದು ಕೇಳಿದರು.

ಸುಳ್ಳು ಹೇಳಿ ಸಮಾಧಾನ ಮಾಡುವ ಮನಸ್ಸು ನನಗಿರಲಿಲ್ಲ. "ಇಲ್ಲ ಅತ್ತೆ, ನೋಡ್ಲಿಲ್ಲ" ಎಂದೆ. ಅವರು "ಹೂಂ" ಎಂದು, ಕೊರಳ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಮಗ್ಗುಲು ಹೊರಳಿದರು.

ಜ್ವರ ಒಂದು ದಿನ ಬಂದರೆ ಮರುದಿನ ಬಿಡುತ್ತಿತ್ತು, ಮತ್ತೆ ಅದೇ ಹೊತ್ತಿಗೆ ನಡುಕ. ಚಳಿಜ್ವರವೆಂದು ನನಗೆ ಖಾತ್ರಿಯಾಯಿತು. ಕೊಡಲಿ ಇಲ್ಲದೆ ಕೈಯಿಂದಲೇ ಒಣಗಿದ ಕೊಂಬೆ ಮುರಿದು ಬೆಂಕಿ ಆರದ ಹಾಗೆ ನೋಡಿಕೊಂಡೆ. ಒಂದು ಸಂಜೆ ಹಳ್ಳದ ಆಚೆ ದಡಕ್ಕೆ ಕರಡಿಯೊಂದು ನೀರು ಕುಡಿಯಲು ಬಂತು. ನಾನು ಉರಿಯುವ ಕೊಳ್ಳಿ ಎತ್ತಿ ಹಿಡಿದು, ಬಾಯಿಗೆ ಬಂದ ಬೈಗುಳವನ್ನೆಲ್ಲ ಬೈದೆ. ಅದು ಕರಡಿಗೆ ಬೈದದ್ದಲ್ಲ. ಕರಡಿ ಪಾಪ ತಲೆ ಎತ್ತಿ ಮೂಸಿ, ಪೊದೆಯೊಳಗೆ ಹೋಯಿತು. ಹೆದರುವಷ್ಟು ಜಾಗ ನನ್ನೊಳಗೆ ಉಳಿದಿರಲಿಲ್ಲ.

ನನ್ನ ಗಂಡ ಒಮ್ಮೆ ಬಂದರು. ಹಳ್ಳದಾಚೆಯ ಬಂಡೆಯ ಮೇಲೆ ಹಿಟ್ಟಿನ ಗಂಟಿಟ್ಟು, ಅಲ್ಲಿಂದಲೇ ಕೂಗಿದರು. ನಾನೂ ಕೂಗಿ ಹೇಳಿದೆ. "ಗಡ್ಡೆ ಇಲ್ರೀ! ಚಳಿಜ್ವರ! ಶೆಡ್ಡಿನ ಡಾಕ್ಟ್ರ ಹತ್ರ ಕ್ವಿನೈನು ಸಿಗ್ತೈತೆ, ತಂದುಕೊಡ್ರಿ!"

"ಅಪ್ಪನ್ನ ಕೇಳ್ತೀನಿ" ಎಂದು ಹೊರಟರು. ಮತ್ತೆ ಬರಲಿಲ್ಲ.

ಹಿಟ್ಟು ತಳ ಕಾಣುವ ಹೊತ್ತಿಗೆ, ಒಂದು ಬೆಳಿಗ್ಗೆ ಪೊದೆಗಳ ಆಚೆ ಹೆಂಗಸರ ಮಾತು ಕೇಳಿಸಿತು. ಶೆಡ್ಡಿನಿಂದ ಸೌದೆಗೆ ಬಂದವರು. ನಾನು ಕೂಗಿದೆ. ಮೊದಲು ಓಡಿ ಬಂದವರು ನಮ್ಮ ಬೀದಿಯ ಕೊನೆಯಲ್ಲಿ ಹಾಸಿಗೆ ಹೊಲಿಯುವ ಮುಸಲ್ಮಾನರ ಮನೆಯ ಹೆಂಗಸು. ಬೀದಿಯವರೆಲ್ಲ ಅವರನ್ನು ಬೂಬಮ್ಮ ಎನ್ನುತ್ತಿದ್ದರು. ನಮ್ಮನ್ನು ನೋಡಿ ಬಾಯಿಗೆ ಸೆರಗು ಹಿಡಿದು ನಿಂತರು.

"ಯಾ ಅಲ್ಲಾ! ಇಲ್ಲೀದೀರಾ? ಯಜಮಾನ್ರು ಅತ್ತೆ ಸೊಸೆ ಮತ್ತೋಡಿಗೆ ಹೋದ್ರು ಅಂತ ಹೇಳಿದ್ರಲ್ಲ!"

ಮತ್ತೋಡು ಅತ್ತೆಯ ತವರು. ಮಾವನವರು ಪೇಟೆಗೆ ಬರುವಾಗ ಶೆಡ್ಡಿನವರು ಕೇಳಿದ್ದಾರೆ, ಇವರು ಹಾಗೆ ಹೇಳಿದ್ದಾರೆ. ಮನೆಯಲ್ಲಿ ಜ್ವರ ಎಂದು ಗೊತ್ತಾದರೆ ಎಲ್ಲರನ್ನೂ ಹಿಡಿದು ಬೇರೆ ಶೆಡ್ಡಿಗೆ ಹಾಕಿಯಾರೆಂಬ ಹೆದರಿಕೆ. ಅಂದರೆ ನಾವು ಸತ್ತಿದ್ದರೂ ಯಾರೂ ಹುಡುಕುತ್ತಿರಲಿಲ್ಲ. ಬಿಟ್ಟುಹೋದದ್ದನ್ನು ಹೆದರಿಕೆ ಎನ್ನಬಹುದು. ಇದನ್ನು ಏನೆನ್ನುವುದು?

ಬೂಬಮ್ಮ ಒಂದು ಮಾತನ್ನೂ ಕೇಳದೆ ಗುಡಿಸಲಿನೊಳಗೆ ಬಗ್ಗಿ ಅತ್ತೆಯ ಹಣೆಯ ಮೇಲೆ ಕೈಯಿಟ್ಟರು. ಗಡ್ಡೆ ಇಲ್ಲ, ಚಳಿಜ್ವರ ಎಂದು ನಾನು ಹೇಳಿದೆ. "ನಾಳೆ ಗಾಡಿ ತರ್ತೀನಿ ಅಮ್ಮಾ. ಡಾಕ್ಟ್ರ ಹತ್ರ ಕ್ವಿನೈನು ಪುಡೀನೂ ತರ್ತೀನಿ" ಎಂದು ಇಳಿದು ಹೋದರು. ಮರುದಿನ ಹೇಳಿದ ಹಾಗೆ ಬಂದರು. ಅವರ ಗಂಡ ಗುಡ್ಡದ ಬುಡದಲ್ಲಿ ಗಾಡಿ ನಿಲ್ಲಿಸಿಕೊಂಡಿದ್ದರು. ಕಹಿ ಪುಡಿ ನುಂಗಿ, ನನ್ನ ಹೆಗಲು ಹಿಡಿದುಕೊಂಡು ಅತ್ತೆ ಕೂತು ಎದ್ದು, ಕೂತು ಎದ್ದು ಗುಡ್ಡ ಇಳಿದರು.

ಕೆಳಗೆ ಬಂದರೆ ಮಾವನವರೂ ನನ್ನ ಗಂಡನೂ ನಿಂತಿದ್ದರು. ಶೆಡ್ಡಿನಲ್ಲಿ ಸುದ್ದಿ ಹಬ್ಬಿ ಅವರ ಕಿವಿಗೆ ಬಿದ್ದಿತ್ತು. ಮಾವ ಏನೂ ಆಗದವರಂತೆ ಮಾತಾಡಿದರು.

"ಗುಣ ಆತಲ್ಲ, ಸರಿ ಹೋತು. ನಡಿ, ಹೊಸ ಜಾಗ ಭಾಳ ಚಲೋ ಐತೆ."

ಅತ್ತೆ ಉಸಿರು ತೆಗೆದುಕೊಂಡು ಹೇಳಿದರು. "ಮತ್ತೋಡಿಗೆ ಹೋದಾಕಿ ಇಲ್ಲಿ ಹೆಂಗಿರ್ತಾಳ್ರೀ?"

ಮಾವನ ಮುಖ ಕಪ್ಪಿಟ್ಟಿತು. ಬೂಬಮ್ಮನ ಗಂಡ ಎತ್ತಿನ ಕೊರಳು ಸವರುತ್ತ ಬೇರೆ ಕಡೆ ನೋಡಿದರು. "ಸಾಬರ ಗಾಡಿಯಾಗೆ ಕುಂತು ಶೆಡ್ಡಿಗೆ ಹೋಗ್ತೀಯೇನು? ನಾಲ್ಕು ಜನ ಏನಂದಾರು?" ಎಂದರು ಮಾವ, ದನಿ ತಗ್ಗಿಸಿ.

"ಬಂದಿದ್ದು ಅದೊಂದೇ ಗಾಡಿ" ಎಂದು ಅತ್ತೆ ಹತ್ತಿ ಕೂತರು. ನಾನೂ ಹತ್ತಿದೆ. ನನ್ನ ಗಂಡ ಗಾಡಿಯ ಹಿಂದೆ ನಾಲ್ಕು ಹೆಜ್ಜೆ ಬಂದರು. "ಅಪ್ಪನ್ನ ಕೇಳಿದ್ರಾ?" ಎಂದೆ. ಅಲ್ಲಿಗೇ ನಿಂತರು.

ಶೆಡ್ಡಿನಲ್ಲಿ ಡಾಕ್ಟರು ಅತ್ತೆಯನ್ನು ನೋಡಿ ಚಳಿಜ್ವರವೇ ಎಂದರು. ನಮ್ಮ ತಡಿಕೆಯ ಮಗ್ಗುಲಿಗೇ ಬೂಬಮ್ಮನ ತಡಿಕೆ. ಅತ್ತೆ ಚೇತರಿಸಿಕೊಂಡರು. ಸ್ವಲ್ಪ ದಿನಕ್ಕೆ ನನ್ನ ಗಂಡ ಚಾಪೆ ಸುತ್ತಿಕೊಂಡು ಬಂದು ನಮ್ಮ ಬಾಗಿಲಲ್ಲಿ ನಿಂತರು. ಅತ್ತೆ ಮಗನಿಗೆ ಅಂಬಲಿ ಕೊಟ್ಟರು, ತಾಯಿಯಲ್ಲವೇ. ನಾನು ಊರಿಗೆ ಹಿಂತಿರುಗುವವರೆಗೆ ಅವರೊಡನೆ ಮಾತಾಡಲಿಲ್ಲ. ಆಮೇಲೂ ಎಷ್ಟೋ ಕಾಲ ಬೇಕಾದಷ್ಟೇ ಮಾತಾಡಿದೆ. ಅವರೊಡನೆ ಒಂದು ಆಯಸ್ಸು ಬಾಳಿದೆ, ಮಕ್ಕಳನ್ನು ಹೆತ್ತೆ. ಕೆಟ್ಟವರಾಗಿರಲಿಲ್ಲ. ಆದರೆ ನನಗೆ ಜ್ವರ ಬಂದಾಗಲೆಲ್ಲ ಅವರು ಕೋಣೆಯೊಳಗೆ ಕಾಲಿಡುವ ಮುಂಚೆಯೇ ನಾನು ಅವರ ಮುಖ ನೋಡುತ್ತಿದ್ದೆ. ಆ ಅಭ್ಯಾಸ ಹೋಗಲೇ ಇಲ್ಲ.

ಪ್ಲೇಗು ಇಳಿದು ಎಲ್ಲರೂ ಮನೆ ಸೇರಿದ ಮೇಲೆ ಮಾವನವರು ಜಗಲಿಯ ಮೇಲೆ ಕೂತು ಬಂದವರಿಗೆಲ್ಲ ಹೇಳತೊಡಗಿದರು. "ಕಾಡಿಗೆ ಹೋಗಿದ್ದಕ್ಕೆ ನಮ್ಮ ಮನ್ಯಾಗೆ ಒಂದು ಹೆಣ ಬೀಳಲಿಲ್ಲ ನೋಡ್ರಿ." ಒಂದು ದಿನ ಮಠದಿಂದ ಹಿರಿಯರೊಬ್ಬರು ಬಂದಿದ್ದರು. ನೀರು ಕೊಡಲು ಹೋದ ನಾನು ಚೊಂಬು ಕೆಳಗಿಟ್ಟು, "ಬಿದ್ದಿದ್ರೂ ಮತ್ತೋಡಾಗೆ ಬಿದ್ದೈತೆ ಅಂತಿದ್ರು ಬಿಡ್ರಿ" ಎಂದೆ. ಮಾವನವರು ಆ ಕಥೆಯನ್ನು ಮತ್ತೆ ಮನೆಯಲ್ಲಿ ಹೇಳಲಿಲ್ಲ. ಪೇಟೆಯಲ್ಲಿ ಹೇಳುತ್ತಿದ್ದರೆಂದು ಕೇಳಿದ್ದೇನೆ.

ಮರುವರ್ಷ ಮತ್ತೆ ಇಲಿ ಬಿದ್ದವು. ತಮಟೆಯವನು ಬೀದಿಯ ಆ ತುದಿಯಲ್ಲಿರುವಾಗಲೇ ಅತ್ತೆ ಯಾರನ್ನೂ ಕೇಳದೆ ಅಕ್ಕಿ, ಹಿಟ್ಟು, ಎರಡು ಪಾತ್ರೆ ಗಂಟು ಕಟ್ಟಿ, ಅಟ್ಟದ ಮೇಲಿಂದ ಒಳ್ಳೆಯ ಕಂಬಳಿಯೊಂದನ್ನು ಆರಿಸಿ ಇಳಿಸಿಕೊಂಡರು. "ನಡೀರವ್ವ" ಎಂದು ನನ್ನನ್ನೂ ಓರಗಿತ್ತಿಯನ್ನೂ ಮಕ್ಕಳನ್ನೂ ಹೊರಡಿಸಿಕೊಂಡು ಶೆಡ್ಡಿನ ದಾರಿ ಹಿಡಿದರು. ಸ್ವಲ್ಪ ದೂರ ಹೋದ ಮೇಲೆ ನಾನು ಹಿಂದೆ ನೋಡಿದೆ. ಮಾವನವರು ತಮ್ಮ ಹಾಸಿಗೆಯನ್ನು ತಾವೇ ಹೊತ್ತುಕೊಂಡು, ಬಿಸಿಲಲ್ಲಿ ಏದುಸಿರು ಬಿಡುತ್ತ ಬರುತ್ತಿದ್ದರು. ಓರಗಿತ್ತಿ, "ಪಾಪ, ನಿಂತ್ಕಳಾಣೇನೇ?" ಎಂದಳು. ಅತ್ತೆ ಕೇಳಿಸಿಕೊಂಡರೋ ಇಲ್ಲವೋ, ಅವರ ನಡಿಗೆ ನಿಧಾನವಾಗಲಿಲ್ಲ. ನಾನೂ ನಿಲ್ಲಲಿಲ್ಲ.